ಇಬ್ಬನಿ ಹಿಡಿಯುತ್ತಿದ್ದ ಬಟ್ಟೆ

ಉಣ್ಣಿ ಹಿಡಿಯುವವನು ಉಣ್ಣಿ ಕಚ್ಚಿ ಬರುವ ಜ್ವರದಿಂದ ತೀರಿಕೊಂಡ ದಿನ, ಮುದಿ ಮೇಷ್ಟ್ರು ಆಸ್ಪತ್ರೆಯ ರಕ್ತಪರೀಕ್ಷೆಯ ಸಾಲಿನಲ್ಲಿ ಕುಳಿತಿದ್ದರು. ಸತ್ತವನ ಅಕ್ಕ ಮತ್ತು ಅವನ ಜೊತೆ ಕೆಲಸಗಾರ ಪಕ್ಕದ ಬೆಂಚಿನಲ್ಲಿದ್ದರು; ಅವರ ಮಾತು ಮೇಷ್ಟ್ರ ಕಿವಿಗೆ ಬೀಳುತ್ತಿತ್ತು. ಕಾಡಿನ ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಹತ್ತಿದ ಉಣ್ಣಿಗಳನ್ನು ಪರೀಕ್ಷೆಗೆ ಕಳಿಸುವುದು ಸತ್ತವನ ಮತ್ತು ಈ ಜೊತೆಗಾರನ ಕೆಲಸವಾಗಿತ್ತು.

"ಉಣ್ಣಿ ಹತ್ತದ ಎಣ್ಣೆ ಸವರಿಕೊಂಡಿರಲಿಲ್ವೇನೋ ಅವನು?"

"ಇಲ್ಲ ಅಕ್ಕ. ಚಳಿಗಾಲ ಬಂತಲ್ಲ ಅಂತ ಇಬ್ಬರೂ ಡಬ್ಬಿ ಎತ್ತಿಟ್ವಿ. ಇಪ್ಪತ್ತು ವರ್ಷದಿಂದ ಹಾಗೇ ಮಾಡ್ತಿದ್ವಿ."

"ಚಳಿ ಎಲ್ಲಿತ್ತೋ ಈ ಸಲ? ನಾನು ಕಂಬಳಿ ಮಡಿಕೇನೇ ಬಿಚ್ಚಲಿಲ್ಲ."

"ನಾವು ಕ್ಯಾಲೆಂಡರ್ ನೋಡಿದ್ವಿ, ಉಣ್ಣಿ ಬಿಸಿಲು ನೋಡ್ತು. ಮೊದಲೆಲ್ಲ ಈ ತಿಂಗಳಲ್ಲಿ ಬಟ್ಟೆಗೆ ಬರೀ ಇಬ್ಬನಿ ಹತ್ತೋದು. ಅವನಿಗೆ ಕಚ್ಚಿದ ದಿನ ಬಟ್ಟೆ ತುಂಬ ಉಣ್ಣಿ, ಎಳ್ಳು ಚೆಲ್ಲಿದ ಹಾಗಿತ್ತು."

"ಆವತ್ತು ಸಂಜೆ ಫೋನ್ ಮಾಡಿದ್ದ. 'ಅಕ್ಕಾ, ಈ ವರ್ಷ ಉಣ್ಣಿಗೂ ರಜೆ ಇಲ್ಲ' ಅಂತ ನಕ್ಕ. 'ನಿನಗಿದ್ರೆ ಬಂದು ಮುಖ ತೋರಿಸೋ ಮಹಾರಾಯ, ಎರಡು ವರ್ಷ ಆಯ್ತು' ಅಂದೆ. ಭಾನುವಾರ ಬರ್ತೀನಿ ಅಂದಿದ್ದ."

"ಹೊರಟಿದ್ದ ಅಕ್ಕ. ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ. ಶನಿವಾರ ಜ್ವರ ಬಂತು."

"ಆ ಅಂಗಿ ಎಲ್ಲಿದೆ?"

"ರೂಮಲ್ಲಿ, ಮೊಳೆಗೆ ನೇತಾಕಿದೆ."

"ತಂದುಕೊಡೋ. ಅದನ್ನೇ ಹಾಕಿ ಮನೆಗೆ ಕರ್ಕೊಂಡು ಹೋಗ್ತೀನಿ."

ಇಬ್ಬರೂ ಎದ್ದು ಹೋದರು. ಒಳಗಿನಿಂದ ತಮ್ಮ ಸಂಖ್ಯೆ ಕೂಗಿದರೂ ಮೇಷ್ಟ್ರು ಏಳಲಿಲ್ಲ. ಕಣ್ಣು ಮುಚ್ಚಿ, "ದೇವರೇ, ಜ್ವರದಲ್ಲಿ ಮೈ ಸುಟ್ಟುಕೊಂಡು ನಿನ್ನ ಹತ್ತಿರ ಬಂದ ಮಗು ಅದು. ನಿನ್ನ ನೆರಳಿನಲ್ಲಿ ತಣ್ಣಗೆ ಮಲಗಲಿ" ಎಂದು ಬೇಡಿಕೊಂಡರು.