ಅದು ಮಂಡಿನೋವಾಗಿರಲಿಲ್ಲ

ಸೊಲ್ಗೆ ಊರಿನ ಹಿರಿಯರೇ, ಕೆಸರುಬಯಲಿನ ಅಕ್ಕತಂಗಿಯರೇ, ಗ್ವಾಂಗ್ಜು ನಗರದಿಂದ ಬಂದಿಳಿದಿರುವ ನೆಂಟರೇ, ಎಲ್ಲರಿಗೂ ನಮಸ್ಕಾರ. ಹ್ಯೆರಾನ್, ಮಗಳೇ — ಸ್ವಲ್ಪ ಈಚೆ ಸರಿದು ಕೂತುಕೋ, ನಿನ್ನ ಮುಖ ನನಗೆ ಕಾಣಬೇಕು. ನಿನ್ನ ತಾಯಿ ಸೋನ್ ದೊಗಿಮ್ ಅವರನ್ನು ನೆನೆಯಲು ನಾವೆಲ್ಲ ಸೇರಿದ್ದೇವೆ. ನಾನು ಕ್ವಾಕ್ ಯೊನ್ಸಿಮ್. ನಲವತ್ತೊಂದು ವರ್ಷ ಕೆಸರಿನ ಮೇಲೆ ದೊಗಿಮ್ ಅಕ್ಕನ ಜಾರುಹಲಗೆಯ ಪಕ್ಕದಲ್ಲೇ ನನ್ನ ಹಲಗೆ ತಳ್ಳಿದವಳು.

ಮೈಕು ಕೇಳಿಸುತ್ತಿದೆಯೇ? — ಹಿಂದಿನವರಿಗೆ? — ಸರಿ.

ನಮ್ಮ ಸಂಘದ ಅಧ್ಯಕ್ಷರು, ಮಾನ್ಯ ಪ್ಯೊ ಅವರು, ನಾನು ಓದಲೆಂದು ಒಂದು ಚೀಟಿ ಬರೆದುಕೊಟ್ಟಿದ್ದಾರೆ. “ಶ್ರೀಮತಿ ಸೋನ್ ದೊಗಿಮ್ ಅವರು ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ವಯೋಸಹಜ ಕಾಯಿಲೆಯಿಂದ ನಿಧನರಾದರು.” ಅಧ್ಯಕ್ಷರೇ, ಅಕ್ಷರವೇನೋ ದುಂಡಗಿದೆ. ಆದರೆ ಇದನ್ನು ನಾನು ಒಪ್ಪುವುದಿಲ್ಲ. ನೋಡಿ — ಮಡಚಿದೆ, ಜೇಬಿಗೆ ಹಾಕಿದೆ. ಅರವತ್ತೆಂಟೂ ಒಂದು ವಯಸ್ಸೇ? ಎಪ್ಪತ್ತೊಂಬತ್ತರ ಅಜ್ಜಿಯರು ಮೊನ್ನೆ ಸೋಮವಾರ ನನ್ನ ಮುಂದೆಯೇ ಹಲಗೆ ತಳ್ಳಿಕೊಂಡು ಹೋದರು, ನನ್ನನ್ನು ಸೋಮಾರಿ ಅಂತ ಬೈದುಕೊಂಡು.

ಅಕ್ಕ ಯಾವುದರಿಂದ ಸತ್ತಳು ಅಂತ ನಾನು ಹೇಳುತ್ತೇನೆ. ಬೆಳಿಗ್ಗೆ ಹ್ಯೆರಾನ್ ಹತ್ತಿರ ಕೇಳಿಕೊಂಡೇ ಬಂದಿದ್ದೇನೆ. ಅವಳು ಅಂದಳು, “ಹೇಳಿಬಿಡಿ ಚಿಕ್ಕಮ್ಮ. ಅಮ್ಮನ ಹೆಸ್ರು ಹಿಡ್ದೇ ಹೇಳಿಬಿಡಿ.”

ನಮ್ಮ ಕೆಲಸ ನಿಮಗೆ ಗೊತ್ತು, ಕಡಲ ನೀರು ಇಳಿದಾಗ ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕುವುದು. ಎಡ ಮಂಡಿ ಹಲಗೆಯ ಮೇಲೆ, ಬಲಗಾಲು ತೊಡೆಯವರೆಗೆ ಕೆಸರಿನಲ್ಲಿ. ಒದೆಯಬೇಕು, ಕಾಲು ಕೀಳಬೇಕು, ಮತ್ತೆ ಒದೆಯಬೇಕು — ಹೀಗೆ — ವಾಪಸು ಬರುವಾಗ ಹಲಗೆಯ ಮೇಲೆ ಚಿಪ್ಪಿನ ಮೂಟೆ ಬೇರೆ. ಹಾಗಾಗಿ ಈ ಊರಲ್ಲಿ ಹೆಂಗಸೊಬ್ಬಳು “ಮಂಡಿನೋವು” ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದನ್ನು ಕಂಡೇ ನಾವು ಇನ್ನೊಂದು ತೊಂದರೆಗೂ ಅದೇ ಹೆಸರಿಟ್ಟೆವು. ಕೆಮ್ಮಿದರೆ, ನಕ್ಕರೆ, ಮೂಟೆ ಎತ್ತಿದರೆ ಒದ್ದೆಯಾಗುವುದಕ್ಕೆ — ಮಂಡಿ. ಸಂಜೆಯಾದರೆ ಕೆಳಗೆ ಭಾರ ಜಗ್ಗುವುದಕ್ಕೆ — ಮಂಡಿ. ಗರ್ಭಕೋಶ ಜಾರಿ ಕೈಗೆ ಸಿಗುವುದಕ್ಕೂ — ಮಂಡಿಯೇ! ಗಂಡಸರೇ, ನಿಮಗೆ ಇದು ಗೊತ್ತಿರಲಿಲ್ಲ. ಹೆಂಗಸರೇ, ನಿಮಗೆ ಗೊತ್ತಿತ್ತು. ತಲೆ ತಗ್ಗಿಸಬೇಡಿ.

ದೊಗಿಮ್ ಅಕ್ಕನಿಗೆ ಇದು ಶುರುವಾದದ್ದು ಹ್ಯೆರಾನ್ ಹುಟ್ಟಿದ ಮೇಲೆ. ಮೂರನೆಯ ಹೆರಿಗೆ. ಹೊಸ ವರ್ಷದ ಹಬ್ಬ ಹತ್ತಿರ, ಚಿಪ್ಪಿಗೆ ಒಳ್ಳೆಯ ಸುಗ್ಗಿ. ಬಾಣಂತಿಯ ಕಡಲಪಾಚಿ ಸಾರು ಒಲೆಯ ಮೇಲೆ ಇನ್ನೂ ಇದ್ದ ಹಾಗೆಯೇ, ಒಂಬತ್ತನೆಯ ದಿನ ಕೆಸರಿಗಿಳಿದಳು. ಆಮೇಲೆ ವರ್ಷ ವರ್ಷ ಜಾಸ್ತಿಯಾಯಿತು. ಕೆಸರಿನ ನಡುವೆ ಹಲಗೆ ನಿಲ್ಲಿಸಿ, ನಮಗೆ ಬೆನ್ನು ಹಾಕಿ, “ನೀವು ಮುಂದೆ ಹೋಗ್ರೇ, ನನ್ ಮಂಡಿ ಹಿಡ್ಕೊಂಡಿದೆ” ಅನ್ನುವಳು. ರಬ್ಬರ್ ಪ್ಯಾಂಟಿನ ಮೇಲಿಂದಲೇ ಮುಷ್ಟಿಯಿಂದ — ಹೀಗೆ — ಮೇಲಕ್ಕೆ ಒತ್ತಿಕೊಳ್ಳುವಳು. ತಿರುಗಿ ನಮ್ಮನ್ನು ನೋಡಿದ ಕೂಡಲೇ ಮಂಡಿ ಉಜ್ಜುವಳು. ಅದೂ ಬಲ ಮಂಡಿ! ನಾನು ಒಂದು ದಿನ ಅಂದೆ:

“ಅಕ್ಕ, ಹಲಗೆ ಮೇಲೆ ಊರೋದು ಎಡ ಮಂಡಿ ಕಣೇ. ಸುಳ್ಳನ್ನಾದ್ರೂ ನೆಟ್ಟಗೆ ಹೇಳು.”

“ನಿಂದ್ಯಾವ್ ಮಂಡಿನೋ, ಅದನ್ ನೋಡ್ಕೋ ಹೋಗೇ!”

ನಕ್ಕೆವು. ನಕ್ಕು ಇಬ್ಬರೂ ಒದ್ದೆಯಾದೆವು. ಕೆಸರಿನಲ್ಲಿ ಯಾರು ಒಣಗಿರುತ್ತಾರೆ ಹೇಳಿ, ಯಾರಿಗೂ ತಿಳಿಯಲಿಲ್ಲ.

ಮಂಡಿಗೆಂದು ಆರೋಗ್ಯ ಕೇಂದ್ರದಲ್ಲಿ ಕೊಟ್ಟ ನೋವಿನ ಅಂಟುಪಟ್ಟಿಗಳು ಅವಳ ಬೀರುವಿನಲ್ಲಿ ರಾಶಿ ಬಿದ್ದಿದ್ದವು. ಅವುಗಳಲ್ಲಿ ಅರ್ಧ ನನ್ನ ಗಂಡನ ಸೊಂಟಕ್ಕೆ ಅಂಟಿದವು. ಅವನ ಸೊಂಟ ವಾಸಿಯಾಯಿತು.

ಈಗ ಹೇಳುವುದನ್ನು, ಹ್ಯೆರಾನ್, ನಿನಗೆ ನಾನು ಇನ್ನೂ ಹೇಳಿಲ್ಲ.

ಕಳೆದ ತಿಂಗಳು ಅಕ್ಕ ಎರಡು ದಿನ ಮಲಗಿದಲ್ಲೇ ಇದ್ದಳು. ಜ್ವರ, ಬೆನ್ನು ಸಿಡಿತ. ಮೂತ್ರ ಹೋಗುತ್ತಿಲ್ಲ, ಒತ್ತಿಕೊಂಡರೂ ಹೋಗುತ್ತಿಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿದಳು. ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೇ ಬಂದರು. “ಏನಾಗ್ತಿದೆ ಅಜ್ಜಿ?” ಅಂದರು. ಅಕ್ಕ ನನ್ನ ಮುಖ ನೋಡಿದಳು. ಉತ್ತರ ಕೊಟ್ಟವಳು ನಾನು. “ಅದೇ ಹಳೇ ಮಂಡಿ ಕಣಮ್ಮ, ಊದ್ಕೊಂಡು ಜ್ವರ ಬಂದಿದೆ” ಅಂದೆ. — ನಾನು ಅಂದೆ. ಈ ಬಾಯಿಂದಲೇ. ಅಕ್ಕನ ಮಾನ ಉಳಿಸಿದೆ ಅಂದುಕೊಂಡಿದ್ದೆ.

ಮಾರನೆಯ ದಿನ ಪಟ್ಟಣದ ಆಸ್ಪತ್ರೆಗೆ ಒಯ್ದೆವು, ಅಲ್ಲಿ ಅವಳ ಪ್ರಜ್ಞೆ ತಪ್ಪಿತು. ಲೇಡಿ ಡಾಕ್ಟರು, ಚಿಕ್ಕ ವಯಸ್ಸಿನವರು, ನನ್ನನ್ನು ಹೊರಗೆ ಕರೆದರು. “ಗರ್ಭಕೋಶ ಪೂರ್ತಿ ಹೊರಗೆ ಬಂದಿದೆ. ಮೂತ್ರ ಕಟ್ಟಿಕೊಂಡು ಕಿಡ್ನಿಗೆ ಸೋಂಕು ತಗುಲಿ ರಕ್ತಕ್ಕೆ ಹೋಗಿದೆ. ಇದು ಎಷ್ಟು ದಿನದಿಂದ ಇದೆ?”

“ಕೊನೇ ಮಗಳು ಹುಟ್ಟಿದಾಗ್ಲಿಂದ.”

“ಮಗಳಿಗೆ ಈಗ ಎಷ್ಟು ವಯಸ್ಸು?”

“ಮೂವತ್ತೇಳು.”

ಆ ಡಾಕ್ಟರು ಗೋಡೆಗೆ ಒರಗಿ ನಿಂತರು. ನಾಲ್ಕನೆಯ ದಿನ ದೊಗಿಮ್ ಅಕ್ಕ ಹೋದಳು. ಹ್ಯೆರಾನ್, ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಇನ್ನೊಂದು ಸಲ ನನ್ನ ಬಾಯಲ್ಲಿ ಆ ಸುಳ್ಳು ಬರುವುದಿಲ್ಲ, ಅಷ್ಟೇ.

ಏನಂದಿರಿ, ಹಿಂದಿನಿಂದ? “ಇದು ಸಭೆಯಲ್ಲಿ ಆಡೋ ಮಾತಾ?” — ಹೌದು ತಾತ, ಆಡುವ ಮಾತೇ. ಆಡದೆ ಇದ್ದದ್ದಕ್ಕೇ ಈ ಸಭೆ. ನೀವೂ ನಿಮ್ಮ ತಾಯಿಯ ಅದೇ ಜಾಗದಿಂದ ಈ ಭೂಮಿಗೆ ಬಂದವರು, ಕಡಲಿನಿಂದ ಬಲೆಗೆ ಸಿಕ್ಕವರಲ್ಲ. ಮುಜುಗರವಾದರೆ ಹೊರಗೆ ಗಾಳಿ ಚೆನ್ನಾಗಿದೆ. ಇಲ್ಲವಾದರೆ ಕುಳಿತು ಕೇಳಿಸಿಕೊಳ್ಳಿ, ನಿಮ್ಮ ಸೊಸೆಗೆ ಉಪಯೋಗವಾಗುತ್ತದೆ.

ಡಾಕ್ಟರಮ್ಮ ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ. ಕಿಬ್ಬೊಟ್ಟೆಯ ತಳದಲ್ಲಿ ಸ್ನಾಯುಗಳಿವೆ, ಮೂತ್ರಚೀಲ, ಗರ್ಭಕೋಶ ಎಲ್ಲವನ್ನೂ ಹೊತ್ತಿರುವುದು ಅವೇ. ಹೆರಿಗೆಯಿಂದ, ಭಾರ ಎತ್ತಿ ಎತ್ತಿ, ತಿಣುಕಿ ತಿಣುಕಿ ಅವು ಸೋಲುತ್ತವೆ. ಶುರುವಿನಲ್ಲೇ ಹೋದರೆ ಆ ಸ್ನಾಯುಗಳನ್ನು ಬಿಗಿದು ಮೇಲೆಳೆದು ಬಿಡುವ ವ್ಯಾಯಾಮ ಕಲಿಸಿಕೊಡುತ್ತಾರೆ. ಜಾರಿದ್ದರೆ ಒಳಗೆ ಇಡುವ ಮೆತ್ತನೆಯ ಬಳೆಯೊಂದಿದೆ, ಎತ್ತಿ ಹಿಡಿಯುತ್ತದೆ. ಅದೂ ಆಗದಿದ್ದರೆ ಆಪರೇಷನ್. ಬಳೆ, ತಂಗಿಯರೇ! ಒಂದು ಬಳೆ ಸಾಕಾಗುತ್ತಿತ್ತೋ ಏನೋ ನಮ್ಮ ಅಕ್ಕನಿಗೆ. ಮೂವತ್ತೇಳು ವರ್ಷ ಮುಷ್ಟಿಯಲ್ಲಿ ಒತ್ತಿಕೊಂಡು ಬದುಕಿದಳು.

ಯಾವಾಗ ಹೋಗಬೇಕು? ಒದ್ದೆಯಾಗುವುದು ನಿಲ್ಲದಿದ್ದರೆ ಹೋಗಿ. ಕೆಳಗೆ ಉಂಡೆ ಸಿಕ್ಕರೆ, ಮೊಟ್ಟೆಯ ಮೇಲೆ ಕೂತ ಹಾಗೆ ಅನ್ನಿಸಿದರೆ ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡ ಮಾಡಬೇಡಿ. ಮೂತ್ರ ಕಟ್ಟಿದರೆ, ಜೊತೆಗೆ ಜ್ವರ ಬೆನ್ನುನೋವು ಬಂದರೆ — ಆ ದಿನವೇ, ಆ ಗಳಿಗೆಯೇ ಹೋಗಿ. ಚಿಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ. “ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ” ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿಕೊಡಿ, ನಾನು ಮಾತಾಡಿಕೊಳ್ಳುತ್ತೇನೆ.

ಗುರುವಾರ ನೀರು ಇಳಿಯುವ ಹೊತ್ತಿಗೆ ನಾನು ಕೆಸರಿಗೆ ಬರುವುದಿಲ್ಲ. ಎಂಟೂವರೆಯ ಬಸ್ಸಿನಲ್ಲಿ ಆ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇನೆ. ನನಗೂ ಇದೆ. ಹನ್ನೊಂದು ವರ್ಷದಿಂದ. — ಮೂರನೆಯ ಸಾಲಿನಲ್ಲಿ ನನ್ನ ಗಂಡ ಕೂತಿದ್ದಾನೆ. ಬಾಯಿ ಮುಚ್ಚಯ್ಯ, ನೊಣ ಹೋದೀತು. ನಿನಗೂ ಈಗಲೇ ಗೊತ್ತಾಗುತ್ತಿದೆ, ನನಗೆ ಗೊತ್ತು. ಬಸ್ಸಿನಲ್ಲಿ ನನ್ನ ಪಕ್ಕ ಯಾರು ಕೂತರೂ ಸಂತೋಷ.

ಇನ್ನು ಸಾಕು. ಸೋನ್ ದೊಗಿಮ್ ಅವರ ಚಿತ್ರದ ಕಡೆ ಮುಖ ಮಾಡಿ, ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರೋಣ. ಗಂಡಸರು ಎಲ್ಲರೂ ಏಳಿ, ಟೋಪಿ ತೆಗೆಯಿರಿ. ಹೆಂಗಸರಲ್ಲಿ ನಿಂತರೆ ಕೆಳಗೆ ಜಗ್ಗುವವರು ಕುಳಿತೇ ಇರಿ. ಎಲ್ಲರ ಕಣ್ಣೆದುರಿಗೇ ಕುಳಿತಿರಿ. ಅಕ್ಕನಿಗೆ ಅಗೌರವವಾಗುವುದಿಲ್ಲ.

ಅಧ್ಯಕ್ಷರೇ, ಆ ಕುರ್ಚಿಯನ್ನು ಸ್ವಲ್ಪ ಇತ್ತ ತನ್ನಿ. ಮಧ್ಯಕ್ಕೆ — ಹಾಂ, ಎಲ್ಲರಿಗೂ ಕಾಣುವ ಹಾಗೆ. ನಾನು ಕುಳಿತುಕೊಳ್ಳುತ್ತೇನೆ.