ಅರ್ಧ ಬಿಳಿ ಗೇಟಿನ ಮನೆ

ಹೇಳಿಕೆ ಕೊಡುವವರು: ಜಿಲ್ಲಾ ಸಂಚಾರಿ ಗ್ರಂಥಾಲಯದ ಗ್ರಂಥಪಾಲಕಿ. ವಯಸ್ಸು ನಲವತ್ತಾರು. ವಾಸ: ಜಿಲ್ಲಾ ಗ್ರಂಥಾಲಯದ ಹಿಂದಿನ ಸಿಬ್ಬಂದಿ ವಸತಿ, ಮೇಲಿನ ಮಹಡಿ, ತಾಯಿಯೊಂದಿಗೆ.

ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ, ನಮ್ಮದು ಪುಸ್ತಕ ತುಂಬಿದ ಒಂದು ವ್ಯಾನು. ಗ್ರಂಥಾಲಯವಿಲ್ಲದ ಊರುಗಳಿಗೆ ವಾರಕ್ಕೊಮ್ಮೆ ಹೋಗಿ, ಶಾಲೆಯ ಮುಂದೆಯೋ ಆಸ್ಪತ್ರೆಯ ಮುಂದೆಯೋ ನಿಲ್ಲಿಸಿ ಪುಸ್ತಕ ಕೊಡುತ್ತೇವೆ. ಹಾಸಿಗೆ ಹಿಡಿದವರ ಮನೆಗೂ ಕಣ್ಣು ಕಾಣದವರ ಮನೆಗೂ ನಾವೇ ಹೋಗುತ್ತೇವೆ. ಕಣ್ಣು ಕಾಣದವರಿಗೆಂದು ಧ್ವನಿಪುಸ್ತಕಗಳಿವೆ. ಅಂದರೆ ಒಬ್ಬರು ಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದ ಮೆಮೊರಿ ಕಾರ್ಡುಗಳು.

ನಾಲ್ಕು ವರ್ಷಗಳಿಂದ ಈ ಓದುವ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಡುತ್ತಿದ್ದವರು ರೈಲು ನಿಲ್ದಾಣದಲ್ಲಿ ರೈಲುಗಳು ಬಂದುಹೋಗುವ ಸಮಯವನ್ನು ಸಾರುತ್ತಿದ್ದು ನಿವೃತ್ತರಾದವರು. ಜನ ಅವರನ್ನು ಈಗಲೂ ಅನೌನ್ಸರ್ ಎಂದೇ ಕರೆಯುತ್ತಾರೆ. ಅವರ ದನಿ ಕೇಳಿದರೆ ತಡವಾದ ರೈಲಿನ ಮೇಲೂ ಸಿಟ್ಟು ಬರುತ್ತಿರಲಿಲ್ಲ ಎಂದು ನಮ್ಮ ಚಾಲಕರು ಹೇಳುವುದುಂಟು. ಅವರನ್ನು ಬಹುವಚನದಲ್ಲಿ ಕರೆಯುವ ರೂಢಿ ನನಗೆ ಇನ್ನೂ ಬಿಟ್ಟಿಲ್ಲ, ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಅವರ ಮನೆ ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಎದುರಿಗಿದೆ. ಗೇಟಿನ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಮಾತ್ರ ಬಿಳಿ ಬಣ್ಣವಿದೆ. ಇನ್ನೊಂದು ತುಕ್ಕು ಹಿಡಿದಿದೆ. ಬಣ್ಣದವನು ಅರ್ಧಕ್ಕೇ ಕೈಕೊಟ್ಟು ಹೋಗಿದ್ದ. ಕಳೆದ ವರ್ಷ ಅವರ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಹೆಂಡತಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಇದ್ದ ಹೋಂ ನರ್ಸ್ ಹುಡುಗಿಯನ್ನು ನಾನು ಎರಡು ಮೂರು ಸಲ ನೋಡಿದ್ದೆ. ಆಮೇಲೊಮ್ಮೆ ವಿಚಾರಿಸಿದಾಗ, ಅವಳು ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೋದಳು ಎಂದು ಅನೌನ್ಸರ್ ತಿಳಿಸಿದರು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಅವರ ಹೆಂಡತಿ ಬದುಕಿದ್ದಾಗ ಹೇಳಿದ್ದರು.

ಆ ನಂತರ ಅನೌನ್ಸರ್ ನಮ್ಮನ್ನು ಒಳಗೆ ಕರೆಯುವುದನ್ನು ನಿಲ್ಲಿಸಿದರು. ಗೇಟಿನ ಸದ್ದಾದೊಡನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಶರಟು ಇಸ್ತ್ರಿಯಾಗಿರುತ್ತಿತ್ತು, ಗುಂಡಿ ಮಾತ್ರ ಒಮ್ಮೊಮ್ಮೆ ತಪ್ಪಿ ಕೂತಿರುತ್ತಿತ್ತು. ಕೊಟ್ಟ ಪುಸ್ತಕ ಯಾವುದೆಂದು ನನ್ನ ಬಾಯಲ್ಲೇ ಹೇಳಿಸುತ್ತಿದ್ದರು. ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅದನ್ನು ನಾನು ಗತ್ತು ಎಂದುಕೊಂಡಿದ್ದೆ.

ಈ ತಿಂಗಳ ಎಂಟನೇ ತಾರೀಖು ಬೆಳಿಗ್ಗೆ ನಾವು ಟೈಲರ್ ಅಜ್ಜಿಯ ಮನೆಗೆ ಹೋದೆವು. ಅವರು ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದವರು, ಈಗ ಕಣ್ಣು ಪೂರ್ತಿ ಹೋಗಿದೆ. ಅವರು ಜೇನು ಸಾಕುವ ಪುಸ್ತಕದ ಕಾರ್ಡನ್ನು ಹಿಂತಿರುಗಿಸುತ್ತಾ, ಈ ಪುಸ್ತಕದಲ್ಲೂ ಅವಳೇ ಬಂದಳಲ್ಲ ಎಂದರು. ಯಾರು ಎಂದು ಕೇಳಿದೆ.

"ಅದೇ, ಆ ಹುಡುಗಿ ಕಣಮ್ಮಾ. ಹಡಗಿನ ಕಥೇಲೂ ಇದ್ಲು, ರಾಜರ ಚರಿತ್ರೇಲೂ ಇದ್ಲು. ಈಗ ಜೇನು ಸಾಕೋದ್ರಲ್ಲಿ ಜೇನುಹುಳ ಆಗಿ ಬಂದಿದಾಳೆ. ಎಲ್ಲಾ ಪುಸ್ತಕ ಬರೆಯೋರಿಗೂ ಒಬ್ಳೇ ಸಿಕ್ಕಿದ್ಲಾ?"

ನಾನು ನಗುತ್ತಾ, ನೀವು ನಿದ್ದೆಗಣ್ಣಲ್ಲಿ ಕೇಳಿರಬೇಕು ಎಂದೆ.

"ನನಗೆಲ್ಲಿ ಕಣ್ಣು, ನಿದ್ದೆಗಣ್ಣಾಗೋಕೆ? ಅವಳಿರೋ ಮನೆ ಗೇಟು ಕೂಡ ಪ್ರತಿ ಸಲ ಅದೇ. ಒಂದು ಕಡೆ ಬಿಳಿ, ಒಂದು ಕಡೆ ತುಕ್ಕು."

ಇದನ್ನು ಕೇಳಿ ಚಾಲಕರು ನನ್ನ ಮುಖ ನೋಡಿದರು.

ವ್ಯಾನಿನಲ್ಲಿ ಕುಳಿತು ಆ ಕಾರ್ಡನ್ನು ಹಾಕಿ ಕೇಳಿದೆವು. ಪುಸ್ತಕದ ಪ್ರತಿ ನನ್ನ ತೊಡೆಯ ಮೇಲಿತ್ತು. ಗೂಡನ್ನು ನೆರಳಿನಲ್ಲಿ ಇಡಬೇಕು ಎಂಬ ಸಾಲಿನವರೆಗೆ ದನಿಯೂ ಅಚ್ಚೂ ಒಂದೇ ಆಗಿದ್ದವು. ಆಮೇಲೆ ಅನೌನ್ಸರ್ ಅದೇ ಗಂಭೀರ ದನಿಯಲ್ಲಿ ಓದಿದ್ದು ಹೀಗಿತ್ತು: ಒಂದು ಬಾಗಿಲು ಬಿಳಿ, ಇನ್ನೊಂದು ತುಕ್ಕು, ಅಂಥ ಗೇಟಿನ ಮನೆ ಕಂಡರೆ ಅಲ್ಲಿನ ಗೂಡನ್ನು ತಪ್ಪದೆ ತೆರೆದು ನೋಡಬೇಕು, ಒಳಗೆ ಒಂದು ಜೇನು ಜೀವಂತ ಇರುತ್ತದೆ, ಅದು ಹಾರಿಹೋಗಿದೆ ಎಂದು ಹೇಳುವವರನ್ನು ನಂಬಬಾರದು. ಅದರ ಬೆನ್ನಿಗೇ, ಮಳೆಗಾಲದಲ್ಲಿ ಗೂಡಿಗೆ ಸಕ್ಕರೆ ಪಾಕ ಇಡುವ ವಿಷಯ ಬಂತು. ಸಕ್ಕರೆ ಪಾಕ ಪುಸ್ತಕದಲ್ಲಿತ್ತು. ಗೇಟು ಇರಲಿಲ್ಲ.

ರಾಜರ ಚರಿತ್ರೆಯ ಕಾರ್ಡೂ ವ್ಯಾನಿನಲ್ಲಿತ್ತು. ಅದನ್ನೂ ಹುಡುಕಿ ಕೇಳಿದೆವು. ರಾಣಿ ಸತ್ತ ಮೇಲೆ ಅವಳ ದಾಸಿ ಬೇರೆ ಊರಿಗೆ ಹೋದಳೆಂದು ರಾಜನು ಡಂಗುರ ಸಾರಿಸಿದನು, ದಾಸಿ ಎಲ್ಲಿಗೂ ಹೋಗಿರಲಿಲ್ಲ ಎಂದು ಅದರಲ್ಲಿತ್ತು. ಇದೂ ಪುಸ್ತಕದಲ್ಲಿ ಇಲ್ಲ. ಓದಿದ ದನಿ ಅನೌನ್ಸರ್ ಅವರದೇ. ಬೇರೆ ಯಾರ ಉಸಿರೂ ಎಲ್ಲಿಯೂ ಕೇಳಿಸಲಿಲ್ಲ.

ಚಾಲಕರು, ತಾನೇ ಮಾಡಿದ್ದನ್ನ ಊರಿಗೆಲ್ಲ ತಾನೇ ಯಾಕೆ ಸಾರ್ತಾರೆ ಮೇಡಂ, ಎಂದು ಕೇಳಿದರು. ಆಗ ನನಗೆ ತಪ್ಪಿ ಕೂತ ಗುಂಡಿಗಳು, ನನ್ನ ಮುಖ ನೋಡದ ಕಣ್ಣುಗಳು ನೆನಪಾದವು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವರ ಮನೆಗೆ ಹೋದೆವು. ಬೈಂಡ್ ಮಾಡಿದ ಒಂದು ಖಾಲಿ ಪುಸ್ತಕ ನನ್ನ ಬಳಿ ಇತ್ತು, ಒಳಗೆ ಒಂದಕ್ಷರವೂ ಇಲ್ಲ. ದಪ್ಪ ಅಕ್ಷರದ ಪ್ರವಾಸ ಕಥನ ಬಂದಿದೆ, ಓದಲು ಅನುಕೂಲವೇ ನೋಡಿ ಎಂದು ಅದನ್ನು ಅವರ ಕೈಗೆ ಕೊಟ್ಟೆ. ಅವರು ತೆರೆದರು. ಬಿಳಿ ಹಾಳೆಯ ಮೇಲೆ ಮುಖ ಬಗ್ಗಿಸಿ, ಎಡದಿಂದ ಬಲಕ್ಕೆ ತಲೆ ಆಡಿಸಿದರು. ಬೆರಳು ಎಂಜಲು ಮಾಡಿಕೊಂಡು ಹಾಳೆ ತಿರುವಿದರು. ಮತ್ತೆ ತಲೆ ಆಡಿಸಿದರು.

"ಅಕ್ಷರ ತುಂಬಾ ಚೆನ್ನಾಗಿದೆ. ಮೊದಲನೇ ಅಧ್ಯಾಯ ಸ್ವಲ್ಪ ಉದ್ದ ಆಯ್ತು," ಎಂದರು.

ಚಾಲಕರು ಬೀಡಿ ಸೇದುವ ನೆಪದಲ್ಲಿ ಹೊರಗೆ ಹೋಗಿ ಠಾಣೆಗೆ ಫೋನ್ ಮಾಡಿದರು. ಪೊಲೀಸರು ಬರುವವರೆಗೆ ಅನೌನ್ಸರ್ ಜೊತೆ ನಾನು ಬಾಗಿಲಲ್ಲೇ ನಿಂತು, ಯಾವ ಊರಿನಲ್ಲಿ ಯಾರ್‍ಯಾರು ಅವರ ಓದನ್ನು ಮೆಚ್ಚಿದರು ಎಂದು ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು.

ನಾನೂ ಅವರ ಹಿಂದೆ ಒಳಗೆ ಹೋದೆ. ಓದುವ ಕೋಣೆಯ ಕಿಟಕಿಗಳಿಗೆ ಸದ್ದು ಹೊರಹೋಗದಂತೆ ಹಾಸಿಗೆ ಬಡಿದಿದ್ದರು. ಒಳಗೆ ಕಗ್ಗತ್ತಲೆ. ದೀಪದ ಸ್ವಿಚ್ ಹಾಕಿದರೆ ಹೋಲ್ಡರಿನಲ್ಲಿ ಬಲ್ಬೇ ಇರಲಿಲ್ಲ. ಮೇಜು, ರೆಕಾರ್ಡರ್, ಖಾಲಿ ಕುರ್ಚಿ. ಕುರ್ಚಿಯ ಪಕ್ಕದ ಗೋಡೆಯಲ್ಲಿ ಒಂದು ತಟ್ಟೆ ದಾಟಿಸುವಷ್ಟು ಕಿಂಡಿ. ಬೆಳಕು ಬರುತ್ತಿದ್ದುದು ಆ ಕಿಂಡಿಯಿಂದ ಮಾತ್ರ. ಅದರಿಂದಲೇ ಒಂದು ಸಣ್ಣ ದನಿಯೂ ಬರುತ್ತಿತ್ತು. ಒಂದು ಸಾಲು ಹೇಳುವುದು, ನಿಲ್ಲುವುದು, ಇನ್ನೊಂದು ಸಾಲು ಹೇಳುವುದು.

ಆಚೆಯದು ಉಗ್ರಾಣದ ಕೋಣೆ, ಹೊರಗಿನಿಂದ ಬೀಗ. ಪೊಲೀಸರು ಬೀಗ ಒಡೆಯುವಾಗಲೂ ಆ ದನಿ ನಿಲ್ಲಲಿಲ್ಲ. ಬಾಗಿಲು ತೆರೆದಾಗ ಹೋಂ ನರ್ಸ್ ಹುಡುಗಿ ಕಿಂಡಿಗೆ ಬಾಯಿಟ್ಟು ನೆಲದ ಮೇಲೆ ಕುಳಿತಿದ್ದಳು. ಕೈಯಲ್ಲಿ ನಾನೇ ಹೋದ ತಿಂಗಳು ಕೊಟ್ಟ ಕಾದಂಬರಿ. ಅವಳು ನಮ್ಮತ್ತ ತಿರುಗದೆ ಆ ಪುಟವನ್ನು ಮುಗಿಸಿದಳು. ಮುಗಿಸಿ, ಅಲ್ಲಿ ಬೆರಳಿಟ್ಟು, ತಲೆ ಎತ್ತಿದಳು. ಕತ್ತಲಲ್ಲಿ ಆಚೆ ಅನೌನ್ಸರ್ ಕೂತಿದ್ದಾರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಓದು ನಿಂತರೆ ಅವತ್ತು ಊಟ ಇರುತ್ತಿರಲಿಲ್ಲ, ಆದ್ದರಿಂದ ಸದಾ ಓದುತ್ತಲೇ ಇದ್ದೆ ಎಂದು ಆಮೇಲೆ ತಿಳಿಸಿದಳು. ರೆಕಾರ್ಡಿಗೆ ಕೂರುವಾಗ ಅವಳು ಪಿಸುಗುಟ್ಟಿದ ಸಾಲನ್ನು ಕೇಳಿಕೊಂಡು, ಆಮೇಲೆ ಯಂತ್ರ ಚಾಲೂ ಮಾಡಿ ಅವರು ಹೇಳುತ್ತಿದ್ದರಂತೆ. ಅವಳು ನಡುವೆ ಕೂಗಿದರೆ ಆ ರೆಕಾರ್ಡನ್ನು ಅಳಿಸಿಬಿಡುತ್ತಿದ್ದರಂತೆ.

ಆಂಬ್ಯುಲೆನ್ಸಿಗೆ ಕಾಯುವಾಗ, ನಿಮಗೆ ಯಾವ ಪುಸ್ತಕದಿಂದ ಗೊತ್ತಾಯಿತು ಎಂದು ಅವಳು ನನ್ನನ್ನು ಕೇಳಿದಳು. ಜೇನಿನದು ಎಂದೆ.

"ಅಯ್ಯೋ, ಅದನ್ನ ಯಾರೂ ಕೇಳಲ್ಲ ಅಂದ್ಕೊಂಡು ಸುಮ್ನೆ ಎರಡೇ ಸಾಲು ಹಾಕಿದ್ದೆ ಅಕ್ಕಾ," ಎಂದಳು. ನಗಲು ಹೋಗಿ ಅವಳ ತುಟಿ ಒಡೆದು ರಕ್ತ ಬಂತು.

ಅನೌನ್ಸರ್ ಅವರನ್ನು ಜೀಪಿಗೆ ಹತ್ತಿಸುವಾಗ ಅವರು ನನ್ನನ್ನು ಕರೆದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ವರ್ಷದ ಮೇಲಾಯಿತು, ಓದುವ ಕೆಲಸ ಕೈಬಿಟ್ಟರೆ ದನಿಯೂ ಸತ್ತಂತೆ ಎಂದು ಹೆದರಿದ್ದೆ ಎಂದರು. ಆ ಸಾಲುಗಳು ಪುಸ್ತಕದಲ್ಲಿ ಇರಲಿಲ್ಲ ಎಂದು ನಾನು ಹೇಳಿದೆ.

"ಇರ್ಲಿಲ್ವಾ? ಓದೋವಾಗ ನನ್ನ ಮೈಯೆಲ್ಲ ನಡುಗ್ತಿತ್ತು ಕಣಮ್ಮಾ. ಎಷ್ಟೋ ವರ್ಷದ ಹಿಂದೆ ಬರೆದೋರಿಗೆ ನಮ್ಮನೆ ವಿಷಯ ಹೇಗೆ ಗೊತ್ತು ಅಂತ. ಬಿಟ್ಟು ಓದಿದ್ರೆ ನೀವು ಪುಸ್ತಕ ಹಿಡಿದು ತಾಳೆ ನೋಡ್ತೀರಿ ಅಂತ ಬಿಡ್ಲಿಲ್ಲ."

ನಾವು ಒಂದು ದಿನವೂ ತಾಳೆ ನೋಡಿರಲಿಲ್ಲ.

ತನಿಖೆಗೆ ಬೇಕೆಂದು ತಾವು ಕೇಳಿದ ಕಾರ್ಡುಗಳನ್ನು ವಾಪಸು ತರಲು ಮೂರು ದಿನ ಸುತ್ತಿದೆವು. ಆ ಕಾರ್ಡುಗಳು ಮೂವತ್ತಕ್ಕೂ ಹೆಚ್ಚು ಮನೆಗಳಲ್ಲಿದ್ದವು. ಬಹುತೇಕ ಎಲ್ಲರೂ ಆ ಹುಡುಗಿಯನ್ನು ಬಲ್ಲವರಾಗಿದ್ದರು. ಒಬ್ಬರು ಅವಳಿಗಾಗಿ ಅತ್ತಿದ್ದರಂತೆ. ಕೊನೆಯ ಮನೆಯಲ್ಲಿ, ಹಾಸಿಗೆ ಹಿಡಿದ, ಕಣ್ಣೂ ಕಾಣದ ಒಬ್ಬ ಹಿರಿಯರು ಹಡಗಿನ ಕಥೆಯ ಕಾರ್ಡನ್ನು ಕೈಬಿಡಲು ಒಪ್ಪದೆ, ಆ ಹುಡುಗಿ ಕೊನೆಗೆ ಏನಾದಳು, ಅದನ್ನಾದರೂ ಹೇಳಿ ತೆಗೆದುಕೊಂಡು ಹೋಗಿ ಎಂದರು. ಅವಳು ಹೊರಗೆ ಬಂದಳು ಎಂದೆ.

ಅವರಿಗೆ ಬಹಳ ಸಂತೋಷವಾಯಿತು. "ಹೌದಾ? ಯಾವ ಪುಟದಲ್ಲಿ?" ಎಂದು ಕೇಳಿದರು.

ನಾನು ಕಂಡದ್ದು, ಕೇಳಿದ್ದು ಇಷ್ಟು. ಬರೆದುಕೊಂಡದ್ದನ್ನು ಅಧಿಕಾರಿಗಳು ನನಗೆ ಓದಿ ಹೇಳಲು ಹೊರಟಾಗ ಬೇಡವೆಂದು ಹೇಳಿ, ಹಾಳೆಗಳನ್ನು ಕೈಗೆ ಪಡೆದು ನಾನೇ ಸಾಲುಸಾಲಾಗಿ ಓದಿಕೊಂಡಿದ್ದೇನೆ. ನಾನು ಹೇಳದ ಮಾತು ಇದರಲ್ಲಿ ಯಾವುದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ ಹದಿಮೂರು
ಸಹಿ: ಗ್ರಂಥಪಾಲಕಿ