ಇಸ್ತ್ರಿ ಅಕ್ಕನ ಪರವಾಗಿ ನಾನು ಬರೆದ ಪತ್ರ

ಮೇಟ್ರನ್ ಅವರೇ, ಇಸ್ತ್ರಿ ಅಕ್ಕನ ಮಗಳೇ, ಅಳಿಯಂದಿರೇ, ಎರಡೂ ಪಾಳಿಯ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಅಕ್ಕನ ಶ್ರದ್ಧಾಂಜಲಿಗೆಂದು ಆಸ್ಪತ್ರೆಯ ಈ ಬಟ್ಟೆ ವಿಭಾಗದಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ನಿಂತಿವೆ; ಹೀಗೆ ನಿಂತದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಇಷ್ಟು ನಿಶ್ಶಬ್ದದಲ್ಲಿ ನನ್ನ ದನಿ ನನಗೇ ಜಾಸ್ತಿ ಕೇಳಿಸುತ್ತಿದೆ. ಹಿಂದೆ ನಿಂತವರಿಗೂ ಕೇಳಿಸುತ್ತಿದೆಯಲ್ಲ? — ಸರಿ.

ನಾನು ಇಲ್ಲಿಯ ಉಗ್ರಾಣದ ಗುಮಾಸ್ತ. ಅಕ್ಕ ಇಪ್ಪತ್ತೆರಡು ವರ್ಷ ಅಗೋ, ಆ ಕಿಟಕಿ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡಿದವರು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವರು. ಆದರೂ ಅಕ್ಕ. ಮೇಟ್ರನ್‌ಗೂ ಅಕ್ಕ, ದೊಡ್ಡ ಡಾಕ್ಟರಿಗೂ ಅಕ್ಕ. ನನ್ನ ಮಾತು ಸುತ್ತಿ ಬಳಸಿ ಹೋಗುತ್ತದೆ, ಗೊತ್ತು. ನನ್ನ ಹೆಂಡತಿ ಇದ್ದಾಗ ಹಿಂದಿನಿಂದ ಅಂಗಿ ಜಗ್ಗುತ್ತಿದ್ದಳು. ಈಗ ಜಗ್ಗುವವರಿಲ್ಲ. ನೀವೇ ಸ್ವಲ್ಪ ಸಹಿಸಿಕೊಳ್ಳಬೇಕು.

ಅಕ್ಕ ಪುಸ್ತಕ ಬರೆದಿದ್ದರು. ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಐದು ನೋಟ್‌ಬುಕ್ಕು. ಅಧ್ಯಾಯಕ್ಕೊಂದು ಹಾಸಿಗೆಯ ಚಾದರ. ಚಾದರ ಬಿಡಿಸಿದರೆ ಸಾಕು, ಯಾರು ನಿದ್ದೆಯಿಲ್ಲದೆ ಹೊರಳಿದರು, ಯಾರು ಒಂದೇ ಮಗ್ಗುಲಿಗೆ ಬಿದ್ದುಕೊಂಡಿದ್ದರು, ನೋಡಿಕೊಳ್ಳಲು ಬಂದವರು ಯಾವ ಅಂಚಿನಲ್ಲಿ ಕೂತೂ ಕೂತೂ ಬಟ್ಟೆ ಸವೆಸಿದರು — ಎಲ್ಲ ಹೇಳುತ್ತಿದ್ದರು. ಏಳನೇ ಕ್ಲಾಸು ಓದಿದ ಹೆಂಗಸು. "ನಾನು" ಎಂದೇ ಬರೆದದ್ದು, ನಾನು ಬಿಡಿಸಿದೆ, ನಾನು ನೋಡಿದೆ ಎಂದು. ನನ್ನ ಹೆಂಡತಿ ಮಲಗಿದ್ದ ಹಾಸಿಗೆಯದೂ ಒಂದು ಅಧ್ಯಾಯ ಇದೆ. ಅದರಲ್ಲಿ ನಾನು ಇವತ್ತಿನವರೆಗೆ ಎರಡನೇ ಪುಟ ದಾಟಿಲ್ಲ.

ಇದಕ್ಕೆ ಲಿಟರರಿ ಏಜೆಂಟ್ ಬೇಕು ಎಂದವನು ನಾನೇ. ಬರೆದವರಿಗೂ ಪ್ರಕಾಶಕರಿಗೂ ನಡುವೆ ನಿಂತು ಮಾತಾಡುವವರು ಅವರು. ನಮ್ಮ ಟ್ರಾಲಿ ಅಣ್ಣ — ಇಲ್ಲೇ ಇದ್ದಾರೆ — ಇಣುಕಿ ಕೇಳಿದರು: "ಮನೆ ಬ್ರೋಕರ್ ಇದ್ದಂಗಾ ಸಾರ್? ಅಡ್ವಾನ್ಸ್ ಎಷ್ಟ್ ಕೇಳ್ತಾರೆ?"

ಅಕ್ಕ ಇಸ್ತ್ರಿ ಎತ್ತದೆಯೇ ಹೇಳಿದರು: "ಮನೆ ತೋರ್ಸೋಕ್ ಮುಂಚೆ ಕಾಸು ಕೇಳೋನು ಕಳ್ಳ. ಅಷ್ಟು ನಂಗೂ ಗೊತ್ತು, ನೀನು ಟ್ರಾಲಿ ತಳ್ಳಪ್ಪ."

ಮೊದಲು ಒಂಬತ್ತು ಏಜೆಂಟರಿಗೆ ಬರೆದೆವು. ಕ್ವೆರಿ ಲೆಟರ್ ಎನ್ನುತ್ತಾರಂತೆ ಅದಕ್ಕೆ. ಅವರು ನಮ್ಮ ಭಾಷೆ ಓದಬಲ್ಲವರೇ, ವ್ಯವಹಾರ ಮಾತ್ರ ಇಂಗ್ಲಿಷಿನಲ್ಲಂತೆ; ಹಾಗಾಗಿ ಪತ್ರ ಇಂಗ್ಲಿಷಿನಲ್ಲಿ, ಪುಸ್ತಕದ ಮೊದಲ ಹತ್ತು ಪುಟ ನಮ್ಮ ಭಾಷೆಯಲ್ಲಿ. ಇಂಗ್ಲಿಷು ನನ್ನ ಪಾಲಿಗೆ ಬಂತು. ನನ್ನದು ನಲವತ್ತು ವರ್ಷದ ಹಿಂದಿನ ಕಾಲೇಜ್ ಇಂಗ್ಲಿಷು. "ಅದು ನಿಮ್ಮ ಮದುವೆ ಸೂಟು ಇದ್ದಂಗೆ, ಬೀರುವಿನಲ್ಲಿ ಭದ್ರವಾಗಿದೆ, ಗುಂಡಿ ಮಾತ್ರ ಹಾಕೋಕಾಗಲ್ಲ" ಎಂದು ನನ್ನವಳು ಹೇಳುತ್ತಿದ್ದಳು. ನಾನು ಶುರುಮಾಡಿದ್ದೇ ಹೀಗೆ: ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್...

"ಬೆಗ್ ಅಂದ್ರೆ ಏನ್ ಸಾರ್?"

"ಬೇಡಿಕೊಳ್ಳೋದು ಅಕ್ಕ."

"ನಾನ್ಯಾಕ್ ಬೇಡ್ಲಿ? ನಾನು ಕೊಡ್ತಿರೋಳಲ್ವಾ? ಹೊಡೆದು ಹಾಕಿ ಅದನ್ನ."

ಹೊಡೆದು ಹಾಕಿದೆ. ಇಪ್ಪತ್ತೊಂದು ವರ್ಷದಿಂದ ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಮಾಡುವವಳು ಎಂದು ಅವರು ಹೇಳಿದ ಹಾಗೇ ಬರೆದೆ. ಏಳು ಜನ ಉತ್ತರವನ್ನೇ ಕೊಡಲಿಲ್ಲ. ಇಬ್ಬರಿಂದ ಅಚ್ಚು ಹಾಕಿದ ಎರಡು ಸಾಲು ಬಂತು, ಮೇಲೆ ಹೆಸರು ಕೂಡ ಇಲ್ಲ.

ಆಮೇಲೆ ರೋಗಿಗಳು ಕಾಯುವ ಕೋಣೆಯ ಹಳೇ ಪತ್ರಿಕೆಯೊಂದರಲ್ಲಿ ಅಕ್ಕನೇ ಇನ್ನೊಬ್ಬ ಏಜೆಂಟರನ್ನು ಹುಡುಕಿದರು. ಆ ಮೇಡಂ ಹೇಳಿಕೊಂಡಿದ್ದರು, ಇದುವರೆಗೆ ಯಾರೂ ಕಿವಿಗೊಡದವರು ನನಗೆ ಬರೆಯಿರಿ, ಅಂಥವರಿಗಾಗಿಯೇ ನಾನು ಈ ಕೆಲಸಕ್ಕೆ ಬಂದವಳು ಎಂದು. ಅಕ್ಕ ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ಇವ್ರಿಗೆ ಬರೀರಿ ಸಾರ್. ಇದೊಂದೇ. ಇವ್ರೂ ಬೇಡ ಅಂದ್ರೆ ಬಿಟ್ಬಿಡೋಣ" ಎಂದರು.

ಇಲ್ಲಿಗೆ — ಕ್ಷಮಿಸಿ, ಸ್ವಲ್ಪ ನೀರು.

ಇಲ್ಲಿಗೆ ನಾನು ಹೇಳಬೇಕಾದದ್ದಕ್ಕೆ ಬಂದೆ. ಆ ಪತ್ರ ಬರೆಯಲು ಕೂತಾಗ ನನಗೆ ಅನಿಸಿದ್ದು: ಒಂಬತ್ತು ಕಡೆ ನಿಜ ಬರೆದೆವು, ಒಂಬತ್ತು ಕಡೆಯೂ ಬಾಗಿಲು ಹಾಕಿದರು. ಎಲ್ಲರಿಗೂ ಸ್ವಾಗತ ಎಂದು ಬೋರ್ಡಿನ ಮೇಲೆ ಬರೆದಿರುತ್ತಾರೆ, ಒಳಗೆ ಹೋದರೆ ಚಪ್ಪಲಿ ನೋಡುತ್ತಾರೆ. ಈ ಮೇಡಂ ಮಾತ್ರ ಬೇರೆಯೇ? ಅಕ್ಕನ ಮರ್ಯಾದೆ ಹೆಚ್ಚಿಸುತ್ತೇನೆ ಎಂದುಕೊಂಡು, ಲೇಖಕಿಯ ಪರಿಚಯದ ಎರಡು ಸಾಲಿನಲ್ಲಿ ನಾನು ಬರೆದೆ: ದಿ ಆಥರ್ ಈಸ್ ಎ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಆಫ್ ರೆಸ್ಪೆಕ್ಟಬಲ್ ಫ್ಯಾಮಿಲಿ.

ಮರ್ಯಾದಸ್ಥ ಮನೆತನದ ನಿವೃತ್ತ ಹೆಡ್‌ಮಿಸ್ಟ್ರೆಸ್! ಅಕ್ಕನಿಗೆ ಹೇಳದೆ. ಅವರಿಗೆ ಇಂಗ್ಲಿಷ್ ಬಾರದು, ಓದಿ ಹೇಳುವಾಗ ಆ ಸಾಲು ಹಾರಿಸಿದೆ. ಅವರು ನಂಬಿ ಸಹಿ ಹಾಕಿದರು.

ಒಂದು ತಿಂಗಳಿಗೆ ಉತ್ತರ ಬಂತು. ಅಚ್ಚು ಹಾಕಿದ್ದಲ್ಲ, ಕೂತು ಬರೆದದ್ದು. ನನ್ನ ಕೈಯಲ್ಲಿರುವುದು ಇದೇ. ನಮ್ಮ ಭಾಷೆಗೆ ತಿರುಗಿಸಿ ಓದುತ್ತೇನೆ, ಈ ಸಲ ಏನೂ ಹಾರಿಸುವುದಿಲ್ಲ.

"ಈ ಪುಟಗಳನ್ನು ನಾನು ಎರಡು ಸಲ ಓದಿದೆ. ಬಹಳ ದಿನದಿಂದ ಇಂಥದ್ದನ್ನು ಓದಿರಲಿಲ್ಲ. ಆದರೆ ಆಸ್ಪತ್ರೆಯ ಬಟ್ಟೆ ಕೆಲಸದ ಹೆಂಗಸಿನ ಬಾಯಿಯಲ್ಲಿ ಮುಖ್ಯೋಪಾಧ್ಯಾಯಿನಿಯೊಬ್ಬರು 'ನಾನು' ಎಂದು ಮಾತಾಡುವುದನ್ನು ನಾನು ಒಪ್ಪಲಾರೆ. ಆ ಕೆಲಸ ಮಾಡಿದವರೇ ಬರೆದದ್ದು ನನಗೆ ಬೇಕು. ಅಂಥವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ನನ್ನ ವಿಳಾಸ ಕೊಡಿ."

ವಿಳಾಸ ಕೊಡಿ — ಎಂದು ಬರೆದಿದ್ದಾರೆ.

ಅಕ್ಕ ಕೇಳಿದರು: "ಏನಂತೆ ಸಾರ್?"

"ಬೇಡವಂತೆ ಅಕ್ಕ" ಎಂದೆ.

"ಯಾಕಂತೆ?"

"ಹಿಡಿಸಲಿಲ್ಲವಂತೆ."

ಅವರು ಒಂದು ತಲೆದಿಂಬಿನ ಚೀಲ ತಗೊಂಡು ಇಸ್ತ್ರಿ ಮಾಡಿದರು. ಇನ್ನೊಂದು ಮಾಡಿದರು. ಆಮೇಲೆ, "ಕಿವಿ ಕೊಡ್ತೀನಿ ಅಂತ ಕೂತೋರಿಗೇ ಹಿಡಿಸ್ಲಿಲ್ಲ ಅಂದ್ಮೇಲೆ ತಪ್ಪು ನಂದೇ ಸಾರ್. ಬರೆಯೋಕ್ ಬರಲ್ಲ ನಂಗೆ" ಎಂದರು.

ಆರನೇ ನೋಟ್‌ಬುಕ್ಕು ಆಗ ಶುರುಮಾಡಿದ್ದರು. ಅಲ್ಲಿಗೆ ನಿಲ್ಲಿಸಿದರು. "ಬರೀತಿದೀರಾ ಅಕ್ಕ?" ಎಂದು ಕೇಳಿದರೆ, "ಕಣ್ಣು ಮಂಜು ಸಾರ್" ಎನ್ನುತ್ತಿದ್ದರು. ಎಂಟು ತಿಂಗಳು, ಸ್ನೇಹಿತರೇ. ಅದರ ಮೇಲೆ ಎಂಟು ತಿಂಗಳು ಬದುಕಿದ್ದರು. ಒಂದು ಕಾಗದ ಬರೆದಿದ್ದರೆ ಸಾಕಿತ್ತು — ಮೇಡಂ, ಸುಳ್ಳು ನನ್ನದು, ನೀವು ಹುಡುಕುತ್ತಿರುವವರು ಇವರೇ. ದಿನಾ ಬೆಳಿಗ್ಗೆ ಬರೆಯಬೇಕು ಎಂದುಕೊಳ್ಳುತ್ತಿದ್ದೆ. ಇಡೀ ಕಟ್ಟಡದಲ್ಲಿ ನನ್ನನ್ನು "ಇಂಗ್ಲಿಷ್ ಸಾರ್" ಎಂದು ಕರೆಯುತ್ತಿದ್ದವರು ಅಕ್ಕ ಒಬ್ಬರೇ. ಆ ಹೆಸರು ಹೋಗುತ್ತದಲ್ಲ ಎಂದು ಸುಮ್ಮನಾದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಇಷ್ಟೇ.

ಇದನ್ನು ಹೇಳುವ ಜಾಗ ಇದಲ್ಲ ಎಂದು ಮೇಟ್ರನ್ ಅವರ ಮುಖ ಹೇಳುತ್ತಿದೆ. ಆದರೆ ಕಳೆದ ವಾರ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾಮ, ಆ ನೋಟ್‌ಬುಕ್ಕುಗಳು ಯಾರಿಗೂ ಬೇಡವಂತಲ್ಲ. ಅಮ್ಮನ ಮನೆ ಖಾಲಿ ಮಾಡ್ತಿದೀನಿ. ನಾಳಿದ್ದು ರದ್ದಿಯವನು ಬರ್ತಾನೆ, ಕೊಟ್ಬಿಡ್ಲಾ?" ಎಂದಳು. "ಸ್ವಲ್ಪ ತಡಿಯಮ್ಮ" ಎಂದೆ, ಯಾಕೆ ಎಂದು ಹೇಳಲಿಲ್ಲ. ಎರಡು ಸಲ ಆ ಮನೆ ಬಾಗಿಲಿಗೆ ಹೋಗಿ, ಬೆಲ್ ಒತ್ತದೆ ವಾಪಸು ಬಂದೆ. ಇನ್ನೊಮ್ಮೆ ಹೋದರೂ ಹಾಗೇ ಬರುತ್ತೇನೆ ಎಂದು ಗೊತ್ತಾಯಿತು. ಅದಕ್ಕೇ ಇಲ್ಲಿ, ಇಷ್ಟು ಜನರ ಮುಂದೆ.

ಮಗಳೇ, ಕೊಡಬೇಡ. ನಿನ್ನಮ್ಮನಿಗೆ ಬರೆಯಲು ಬರುತ್ತಿತ್ತು. ಆ ಮೇಡಂ ಎರಡು ಸಲ ಓದಿದ್ದಾರೆ. ಈಗ ಮತ್ತೆ ಬರೆದರೆ ತೆರೆದು ನೋಡುತ್ತಾರೋ ಇಲ್ಲವೋ, ಸುಳ್ಳು ಹೇಳಿದವರು ಎಂದು ಬದಿಗಿಡುತ್ತಾರೋ, ನನಗೆ ಗೊತ್ತಿಲ್ಲ. ನಾನು ಬರೆದುಕೊಡುತ್ತೇನೆ ಎನ್ನಲು ನನಗೆ ಬಾಯಿಲ್ಲ. ನೀನೇ ಬರಿ. ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ, ಮೋಸ ಮಾಡಿದವನು ಯಾರು ಎನ್ನುವುದನ್ನೂ ಬರಿ. ತಗೋಮ್ಮ, ಈ ಕಾಗದ ನಿನ್ನದು.

— ಬೇಡವಾ?

ಸರಿ. ಇಲ್ಲಿ ಇಡುತ್ತೇನೆ, ಮೇಜಿನ ಮೇಲೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಕ್ಕನಿಗಾಗಿ ಎರಡು ನಿಮಿಷ ಯಾರೂ ಮಾತಾಡುವುದು ಬೇಡ. — ಇಲ್ಲಮ್ಮ, ಹೋಗಬೇಡ. ನನ್ನ ಮೇಲಿನ ಸಿಟ್ಟಿಗೆ ನಿನ್ನಮ್ಮನ ಎರಡು ನಿಮಿಷ ಬಿಟ್ಟುಕೊಡಬೇಡ. ನೀನು ಇಲ್ಲೇ ನಿಲ್ಲು. ನಾನು ಹೊರಗೆ ನಿಲ್ಲುತ್ತೇನೆ.